ತೊಟ್ಟಿಯ ತಳದ ಗಾಳಿ

ಕಡಲಿನಿಂದ ಹೊಳೆಗೆ ಹತ್ತಿ ಬರುವ ಆ ಮೀನಿನ ಹೆಸರನ್ನು ನಾನು ಬರೆಯುವುದಿಲ್ಲ. ಮೈ ಬೆಳ್ಳಿ, ಮಾಂಸ ಕೆಂಪು, ಅದನ್ನು ಹಿಡಿಯಲೆಂದೇ ಲಂಡನ್ನಿನ ಸಾಹುಕಾರರು ಬಂದು ಸೊಂಟದ ತನಕ ನೀರಿನಲ್ಲಿ ನಿಂತಿರುತ್ತಾರೆ. ಯಾವುದೆಂದು ನಿಮಗೆ ಗೊತ್ತಾಗಿರುತ್ತದೆ. ಕಡಲ ದಂಡೆಯ ನಮ್ಮ ಸ್ಕಾರ್‌ನೆಸ್‌ನಲ್ಲಿ ಅದಕ್ಕೆ ಕೆಂಪು ಮೀನು ಅನ್ನುತ್ತೇವೆ, ಅಷ್ಟೇ. ಹೆಸರು ಹಿಡಿದು ಕರೆದರೆ ದೋಣಿಗೆ ಕೇಡು. ಯಾರಾದರೂ ಬಾಯಿತಪ್ಪಿ ಹೇಳಿಬಿಟ್ಟರೆ, ಕೇಳಿದವರು ಕೂಡಲೇ ಕಬ್ಬಿಣ ಮುಟ್ಟಬೇಕು. ನಗುವವರು ನಗಲಿ. ಗಂಡನನ್ನು ನೀರಿಗೆ ಕಳಿಸಿ ದಂಡೆಯಲ್ಲಿ ನಿಂತವಳು ನಾನು, ಅವರಲ್ಲ.

ನಗುವವರಲ್ಲಿ ಮೊದಲನೆಯವನು ನನ್ನ ಭಾವ ವಾಟಿ. ನನ್ನ ಅಕ್ಕ ಎಲ್‌ಸ್ಪೆಟ್ ಅವನನ್ನು ಕಟ್ಟಿಕೊಂಡು ಕಡಲು ಬಿಟ್ಟು, ಸ್ಪೇ ಹೊಳೆಯ ದಂಡೆಯ ಬಾಲ್‌ಕರ್ನ್‌ಗೆ ಹೋಗಿದ್ದಳು. ಊರೆಂದರೆ ಒಂದು ಬೀದಿ, ಒಂದು ಚರ್ಚು, ಹೊಳೆಯ ಉದ್ದಕ್ಕೂ ವಿಸ್ಕಿ ಭಟ್ಟಿಗಳು. ವಾಟಿ ಅದರಲ್ಲೊಂದು ಭಟ್ಟಿಯಲ್ಲಿ ಕೆಲಸಕ್ಕಿದ್ದ. ಯುದ್ಧ ಮುಗಿದ ಮೇಲೆ ಪ್ರತಿ ಮೇ ತಿಂಗಳು, ಬೇಸಿಗೆಯ ಹೆರಿಂಗ್ ಮೀನುಗಾರಿಕೆ ಶುರುವಾಗುವ ಮೊದಲು, ನಾನು ಮತ್ತು ನನ್ನ ಗಂಡ ಜೀಮ್ಸ್ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದೆವು.

ನನಗೆ ಆ ಊರನ್ನು ಕಂಡರೆ ಯಾವತ್ತೂ ಭಯ. ಪೀಪಾಯಿಗಳಲ್ಲಿಟ್ಟ ವಿಸ್ಕಿ ವರ್ಷಗಟ್ಟಲೆ ಆವಿಯಾಗಿ ಗಾಳಿಗೆ ಹೋಗುತ್ತದಲ್ಲ, ಆ ಆವಿಗೆ ಒಂದು ಬಗೆಯ ಕಪ್ಪು ಬೂಷ್ಟು ಬೆಳೆಯುತ್ತದೆ. ಗೋಡೆ ಕಪ್ಪು, ಮರದ ಕೊಂಬೆ ಕಪ್ಪು, ಬೇಲಿಯ ಗೂಟ ಕಪ್ಪು. ಇಡೀ ಊರು ಯಾರದೋ ಸಾವಿಗೆ ಕಪ್ಪು ಬಟ್ಟೆ ಹಾಕಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಊರಿನವರು ಅದನ್ನು ನೋಡಿ ಖುಷಿಪಡುತ್ತಿದ್ದರು. ಗೋಡೆ ಕಪ್ಪಾದಷ್ಟೂ ಒಳಗೆ ಸರಕು ಜಾಸ್ತಿ ಎಂದು ಅವರ ಲೆಕ್ಕ.

ಆ ವರ್ಷ ನಾವು ಹೋದ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಕ್ಕ ಕುರಿಮಾಂಸದ ಸಾರು, ಓಟ್ಸ್ ರೊಟ್ಟಿ ಮಾಡಿದ್ದಳು. ವಾಟಿ ಚಮಚ ಕೆಳಗಿಟ್ಟು, ಹೊಳೆಯ ಕಡೆ ಕೈ ತೋರಿಸಿ, "ನಿನ್ನೆ ಸೇತುವೆ ಹತ್ರ ಏನು ಹಾರ್ತು ಗೊತ್ತಾ ಜೀಮ್ಸ್?" ಎಂದು, ಆ ಮೀನಿನ ಹೆಸರನ್ನು ಬಾಯಿ ತುಂಬ ಹೇಳಿಬಿಟ್ಟ.

ಜೀಮ್ಸ್ ಕುರ್ಚಿಯಿಂದ ನೆಗೆದ. ಹತ್ತಿರದಲ್ಲಿದ್ದ ಕಬ್ಬಿಣವೆಂದರೆ ಒಲೆ. ಒಲೆ ಉರಿಯುತ್ತಿದೆ ಎನ್ನುವುದನ್ನು ಮರೆತು ಅಂಗೈಯನ್ನೇ ಇಟ್ಟ.

ವಾಟಿ ನಕ್ಕು ನಕ್ಕು ಕೆಮ್ಮಿದ. "ಅಯ್ಯೋ ಮಾರಾಯ! ಬಿರುಗಾಳಿಗೆ ಹೆದರದ ಗಂಡಸು ಒಂದು ಮೀನಿನ ಹೆಸರಿಗೆ ಕೈ ಸುಟ್ಕೊಂಡ ನೋಡು!"

"ನಿಲ್ಸು ವಾಟಿ," ಎಂದಳು ಅಕ್ಕ, ಬೆಣ್ಣೆ ತರಲು ಏಳುತ್ತ. "ನಮ್ಮ ಕಡೆಯವರಿಗೆ ಅದು ಹುಡುಗಾಟ ಅಲ್ಲ."

ಜೀಮ್ಸ್ ಬೆಣ್ಣೆ ಹಚ್ಚಿಸಿಕೊಳ್ಳುತ್ತ ಹಲ್ಲು ಕಚ್ಚಿ ಕೂತಿದ್ದ. ನನ್ನ ಗಂಡ ಒಳ್ಳೆಯವನೇ. ಆದರೆ ಅವನಿಗೆ ಒಂದು ಕೊಟ್ಟರೆ ಎರಡು ತಿರುಗಿಸದೆ ನಿದ್ದೆ ಬರುವುದಿಲ್ಲ. ಷಡ್ಡಕರಿಬ್ಬರೂ ಈ ವಿಷಯದಲ್ಲಿ ಒಂದೇ ಬಟ್ಟೆಯ ತುಂಡುಗಳು.

"ನಾನಾದ್ರೂ ಕಡಲಿಗೆ ಹೆದರ್ತೀನಿ," ಎಂದ ಜೀಮ್ಸ್. "ನೀನು? ಒಂದು ಮರದ ತೊಟ್ಟಿಗೆ! ಅದನ್ನ ತೊಳೆಯೋಕೆ ಹಗಲು ಹೊತ್ತಲ್ಲಿ ಮೇಣದಬತ್ತಿ ಹಚ್ಕೊಂಡು ಹೋಗ್ತೀಯಂತೆ. ಏನು, ಗುಟ್ಟಾಗಿ ಪೋಪನ ಕಡೆ ಸೇರ್ಕೊಂಡ್ಯಾ?"

ನಮ್ಮ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವ ಪದ್ಧತಿಯಿಲ್ಲ, ಅದು ನಮಗಾಗದ ಪೋಪನ ಚರ್ಚಿನವರದು. ಅಲ್ಲಿಯವರಿಗೆ ಇದಕ್ಕಿಂತ ಚುಚ್ಚುವ ಮಾತು ಇಲ್ಲ. ವಾಟಿಯ ನಗು ಅರ್ಧಕ್ಕೆ ನಿಂತಿತು.

"ಅದು ಗಾಳಿ ನೋಡೋಕೆ," ಎಂದ.

"ಹೌದಪ್ಪ, ಗಾಳಿ. ಗಾಳಿಗೆ ಹೆದರೋನು ಇವನು!" ಎಂದು ಜೀಮ್ಸ್ ಸುಟ್ಟ ಕೈಯಿಂದಲೇ ಮೇಜು ಕುಟ್ಟಿದ.

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅಕ್ಕನನ್ನು ಕೇಳಿದೆ, ಅದೇನು ಗಾಳಿಯ ಕಥೆ ಎಂದು. ಅವಳು ಕೈ ಒರೆಸಿಕೊಂಡು, ಗಂಡಸರು ಅಂಗಳಕ್ಕೆ ಹೋದರೇ ಎಂದು ನೋಡಿ ಹೇಳಿದಳು. ಮೊಳಕೆ ಬಾರ್ಲಿಯ ರಸ ಆ ದೊಡ್ಡ ತೊಟ್ಟಿಗಳಲ್ಲಿ ಹುಳಿಯಾಗುವಾಗ ಒಂದು ಕೆಟ್ಟ ಗಾಳಿ ಹುಟ್ಟುತ್ತದೆ. ರಸ ಹರಿಸಿಬಿಟ್ಟ ಮೇಲೂ ಅದು ತಳದಲ್ಲೇ ಮಲಗಿರುತ್ತದೆ. ಬಣ್ಣವಿಲ್ಲ, ಸದ್ದಿಲ್ಲ, ಉಸಿರಿಗೆಳೆದುಕೊಂಡವನು ನಿಂತಲ್ಲೇ ಬೀಳುತ್ತಾನೆ. ತೊಟ್ಟಿ ತೊಳೆಯಲು ಇಳಿಯುವವನು ಮೊದಲು ಹಗ್ಗಕ್ಕೆ ಡಬ್ಬಿ ಕಟ್ಟಿ, ಅದರಲ್ಲಿ ಮೇಣದಬತ್ತಿ ಹಚ್ಚಿ ಇಳಿಬಿಡಬೇಕು. ಬತ್ತಿ ತಳ ಮುಟ್ಟುವ ತನಕ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಮೇಲೆ ಜೊತೆಗಾರನಿಲ್ಲದೆ ಯಾವತ್ತೂ ಇಳಿಯಬಾರದು.

"ಜೊತೆಗಾರ ಏನ್ಮಾಡ್ತಾನೆ? ಬಿದ್ದರೆ ಎತ್ತೋಕಾ?" ಎಂದೆ.

"ಎತ್ತೋಕಲ್ಲ. ಎರಡನೆಯವನು ಇಳಿಯದ ಹಾಗೆ ತಡೆಯೋಕೆ." ಅಕ್ಕ ತಟ್ಟೆಯನ್ನು ತಿರುಗಿಸಿ ತಿರುಗಿಸಿ ಒರೆಸಿದಳು. "ಒಬ್ಬ ಬಿದ್ರೆ ಇನ್ನೊಬ್ಬನ್ನ ಹಿಡಿ. ಇಲ್ಲಿ ಅದೇ ಕಾನೂನು. ನಾನು ಮದುವೆಯಾಗಿ ಬಂದ ವಾರವೇ, ವಾಟಿ ಜೊತೆ ಕೆಲಸ ಮಾಡೋ ಹೆಕ್ಟರನ ಹೆಂಡ್ತಿ ಬಂದಿದ್ಲು. ಕಂಬಳಿ ಉಡುಗೊರೆ ಕೊಟ್ಟು, ಕಿವಿಯಲ್ಲಿ ಇದನ್ನ ಹೇಳಿಹೋದ್ಲು."

"ಹಾಗಾದ್ರೆ ಬಿದ್ದವನು?"

"ಬಿದ್ದವನು ಬಿದ್ದ ಕ್ರಿಸ್ಸಿ. ಮೇಲಿನ ಊರಿನ ಭಟ್ಟೀಲಿ ಅಣ್ಣ ಬಿದ್ದ ಅಂತ ತಮ್ಮ ಇಳಿದ, ತಮ್ಮ ಬಿದ್ದ ಅಂತ ಅವರ ಭಾವ ಇಳಿದ. ಒಂದೇ ಮನೆಯಿಂದ ಮೂರು ಪೆಟ್ಟಿಗೆ ಹೊತ್ಕೊಂಡು ಹೋದ್ರು."

ನನಗೆ ಸಿಟ್ಟು ಬಂತು. "ಇದೆಂಥಾ ಕಾನೂನು! ಕಣ್ಣೆದುರಿಗೆ ಮನುಷ್ಯ ಸಾಯ್ತಿದ್ರೆ ಕೈಕಟ್ಟಿ ನಿಲ್ಲೋದಾ? ಅಪ್ಪ ಕೇಳಿದ್ರೆ ಕಪಾಳಕ್ಕೆ ಬಾರಿಸ್ತಿದ್ದ. ಜೀಮ್ಸ್ ಹೋದ ವರ್ಷ ಅಲೆಗೆ ಬಿದ್ದ ಹುಡುಗನ ಹಿಂದೆ ನೆಗೆದು ಎಳ್ಕೊಂಡು ಬಂದ, ಗೊತ್ತಲ್ಲ?"

"ಸೊಂಟಕ್ಕೆ ಹಗ್ಗ ಕಟ್ಕೊಂಡು ನೆಗೆದ," ಎಂದಳು ಅಕ್ಕ. "ಮತ್ತೆ ಕಡಲು ಕಣ್ಣಿಗೆ ಕಾಣುತ್ತೆ. ಇದು ಕಾಣಲ್ಲ. ಭಟ್ಟಿಯ ಗಂಟೆ ಹೊತ್ತಲ್ಲದ ಹೊತ್ತಲ್ಲಿ ಹೊಡೆದ್ರೆ, ಈ ಬೀದಿಯ ಹೆಂಗಸರೆಲ್ಲ ಕೈಲಿದ್ದದ್ದು ಬಿಟ್ಟು ಬಾಗಿಲಿಗೆ ಬರ್ತೀವಿ. ನಿನ್ನ ಹಾಗೆ ದಂಡೇಲಿ ನಿಂತು ನೋಡೋಕೂ ನಮಗೆ ಏನೂ ಇರಲ್ಲ."

ಮರುದಿನ ಬೆಳಿಗ್ಗೆ ವಾಟಿ ಕೆಲಸಕ್ಕೆ ಹೋದ. ಹತ್ತು ಗಂಟೆಯ ಹೊತ್ತಿಗೆ ಅಕ್ಕ ಅವನಿಗೆ ಚಹಾ, ರೊಟ್ಟಿ ತೆಗೆದುಕೊಂಡು ಹೊರಟಳು. ನಾವೂ ಜೊತೆಗೆ ಹೋದೆವು. ನನಗೆ ಇಷ್ಟವಿರಲಿಲ್ಲ. ಜೀಮ್ಸ್‌ಗೆ ಮಾತ್ರ ಆ ತೊಟ್ಟಿ ನೋಡಲೇಬೇಕಿತ್ತು. ರಾತ್ರಿಯೆಲ್ಲ ಅಂಗೈ ಉರಿದಿತ್ತು, ಅವನು ಅದನ್ನು ಮರೆತಿರಲಿಲ್ಲ.

ತೊಟ್ಟಿಗಳ ಕೋಣೆ ಬೆಚ್ಚಗಿತ್ತು. ಹುಳಿ ವಾಸನೆ. ಸಾಲಾಗಿ ನಿಂತ ಮರದ ತೊಟ್ಟಿಗಳು ನೆಲದ ಕೆಳಗೆ ಎರಡಾಳು ಆಳಕ್ಕೆ ಇಳಿದಿದ್ದವು. ಹಲಗೆಯ ನೆಲದ ಮೇಲೆ ಸೊಂಟದೆತ್ತರಕ್ಕೆ ಅವುಗಳ ಅಂಚು ಮಾತ್ರ ಕಾಣುತ್ತಿತ್ತು. ತುಂಬಿದ ತೊಟ್ಟಿಗಳ ಮುಚ್ಚಳದ ಒಳಗೆ ನೊರೆ ಬುಸುಗುಟ್ಟುತ್ತಿತ್ತು. ಏನೋ ದೊಡ್ಡ ಪ್ರಾಣಿಗಳು ಕತ್ತಲಲ್ಲಿ ಉಸಿರಾಡುತ್ತಿವೆ ಎಂದು ನನಗನ್ನಿಸಿತು. ಒಂದು ತೊಟ್ಟಿಗೆ ಮುಚ್ಚಳವಿರಲಿಲ್ಲ. ಅದರೊಳಗೆ ಏಣಿ ಇಳಿಬಿಟ್ಟಿತ್ತು. ಪಕ್ಕದಲ್ಲಿ ಉದ್ದ ಹಿಡಿಯ ಪೊರಕೆ, ಡಬ್ಬಿ ಕಟ್ಟಿದ ಹಗ್ಗ. ವಾಟಿ ಮತ್ತು ಅವನ ಜೊತೆಗಾರ ಮುದುಕ ಹೆಕ್ಟರ್ ಅಲ್ಲಿ ನಿಂತಿದ್ದರು.

ಆಗ ಗಂಟೆ ಹೊಡೆಯಿತು. ಅಕ್ಕನ ಕೈಯ ಚಹಾದ ಪಾತ್ರೆ ಅಲುಗಿತು. ಆದರೆ ಅದು ಗುಟುಕಿನ ಗಂಟೆ. ದಿನಕ್ಕೆ ಇಷ್ಟು ಸಲವೆಂದು ಆಳುಗಳಿಗೆಲ್ಲ ಒಂದೊಂದು ಗುಟುಕು ಹೊಸ ವಿಸ್ಕಿ ಕೊಡುವುದು ಭಟ್ಟಿಯ ರೂಢಿ. ಅದಕ್ಕೆ ತಡಮಾಡುವ ಗಂಡಸು ಆ ಹೊಳೆಯ ದಂಡೆಯಲ್ಲೇ ಇರಲಿಲ್ಲ.

"ನೆಂಟರಿದ್ದಾರೆ, ನೀನು ಹೋಗು. ನಾನು ಆಮೇಲೆ ಬರ್ತೀನಿ," ಎಂದ ವಾಟಿ.

"ನಾನು ಬರೋ ತನಕ ಇಳೀಬೇಡ," ಎಂದು ಹೆಕ್ಟರ್ ಬಾಗಿಲ ತನಕ ಹೋದವನು, ತಿರುಗಿ ಇನ್ನೊಮ್ಮೆ ಹೇಳಿದ. "ಕೇಳಿಸ್ತಾ?"

"ಹೋಗೋ ತಾತ. ನಿನ್ನ ಪಾಲು ಇನ್ನೊಬ್ಬ ಕುಡಿದಾನು."

ಅಕ್ಕ ಗೋಡೆಯ ಬಳಿಯ ಬೆಂಚಿನ ಮೇಲೆ ಬಟ್ಟೆ ಹಾಸಿ, ನಮಗೆ ಬೆನ್ನು ಹಾಕಿ ಚಹಾ ಬಗ್ಗಿಸತೊಡಗಿದಳು. ಜೀಮ್ಸ್ ತೊಟ್ಟಿಯ ಅಂಚಿಗೆ ಮೊಣಕೈ ಊರಿ ಒಳಗೆ ಬಗ್ಗಿ ನೋಡಿದ.

"ಇದೇನಾ? ನನ್ನ ಮೀನಿನ ಪೀಪಾಯಿ ಇದಕ್ಕಿಂತ ನಾತ ಹೊಡೆಯುತ್ತೆ," ಎಂದು, ದನಿ ತಗ್ಗಿಸಿ ವಾಟಿಗೆ ಮಾತ್ರ ಕೇಳುವ ಹಾಗೆ, "ಮೇಣದಬತ್ತಿ ಎಲ್ಲಿ ಪಾದ್ರಿಗಳೇ? ಪೂಜೆ ಶುರುಮಾಡಲ್ವಾ?" ಎಂದ.

ನಾನು ಪಕ್ಕದಲ್ಲಿದ್ದೆ, ನನಗೆ ಕೇಳಿಸಿತು. ವಾಟಿಯ ಕೈ ಕೋಟಿನ ಜೇಬಿಗೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಬರಿದಾಗಿ ಹೊರಗೆ ಬಂತು. ಅವನ ಕಿವಿ ಕೆಂಪಗಾಗಿತ್ತು.

"ಬತ್ತಿ ಎಳಸು ಹುಡುಗರಿಗೆ," ಎಂದ. "ಹದಿನೆಂಟು ವರ್ಷದ ಮೂಗು ನಂದು." ಅಂಚಿನ ಮೇಲೆ ಬಗ್ಗಿ ಜೋರಾಗಿ ಮೂಸಿದ. "ಕೆಟ್ಟ ಗಾಳಿ ಇದ್ರೆ ಮೂಗು ಚುರ್ ಅನ್ನುತ್ತೆ. ಇಲ್ಲ. ಹೊರಟುಹೋಗಿದೆ."

"ವಾಟಿ, ಬತ್ತಿ ಬಿಟ್ಟು ನೋಡಿದ್ಯಾ?" ಅಕ್ಕ ತಿರುಗದೆಯೇ ಕೇಳಿದಳು.

"ನೋಡಿದೆ, ನೋಡಿದೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಪೊರಕೆ ಹೆಗಲಿಗೇರಿಸಿ ಏಣಿಯ ಮೇಲೆ ಕಾಲಿಟ್ಟಿದ್ದ. ಜೀಮ್ಸ್‌ಗೆ ಕಣ್ಣು ಹೊಡೆದು, ಸಿಳ್ಳೆ ಹಾಕುತ್ತ ಇಳಿದ. ಸಿಳ್ಳೆಯೂ ನಮ್ಮವರಿಗಾಗದು. ದೋಣಿಯಲ್ಲಿ ಸಿಳ್ಳೆ ಹಾಕಿದರೆ ಬಿರುಗಾಳಿ ಏಳುತ್ತದೆ. ಅದು ಅವನಿಗೆ ಗೊತ್ತಿತ್ತು, ಅದಕ್ಕೇ ಹಾಕಿದ. ತೊಟ್ಟಿಯೊಳಗಿನಿಂದ ಸಿಳ್ಳೆ ದೊಡ್ಡದಾಗಿ ಮೊಳಗುತ್ತ ಬಂತು. ಜೀಮ್ಸ್ ನಗುತ್ತಲೇ ಏಣಿಯ ಕಬ್ಬಿಣದ ಕೊಂಡಿ ಮುಟ್ಟಿದ.

ಸಿಳ್ಳೆ ನಿಂತಿತು.

ರಾಗ ಮುಗಿದು ನಿಂತದ್ದಲ್ಲ, ನಡುವೆ ನಿಂತದ್ದು. ಆಮೇಲೆ ಪೊರಕೆ ಬಿದ್ದ ಸದ್ದು. ಅದರ ಹಿಂದೆಯೇ ಇನ್ನೊಂದು ಸದ್ದು, ಮೆತ್ತಗೆ, ಭಾರವಾಗಿ.

"ಭಾವಾ?" ಎಂದು ಬಗ್ಗಿದೆ. ತಳದಲ್ಲಿ ಅವನು ಗೋಡೆಗೆ ಒರಗಿ ಕೂತ ಹಾಗಿದ್ದ. ಒಂದು ಕೈ ಏಣಿಯ ಕೊನೆಯ ಮೆಟ್ಟಿಲಿನ ಮೇಲಿತ್ತು. ಮುಖ ಮೇಲಕ್ಕಿತ್ತು, ಕಣ್ಣು ತೆರೆದಿತ್ತು. ಆದರೆ ನಮ್ಮನ್ನು ನೋಡುತ್ತಿರಲಿಲ್ಲ.

"ವಾಟೀ!" ಎಂದು ಕಿರುಚಿದವನು ಜೀಮ್ಸ್. ಕಿರುಚುವಾಗಲೇ ಅವನ ಒಂದು ಕಾಲು ಅಂಚಿನ ಆಚೆಗೆ ಹೋಗಿತ್ತು.

ಹಿಂದೆ ಚಹಾದ ಪಾತ್ರೆ ಬಿದ್ದು ಉರುಳಿತು. ಅಕ್ಕ ಓಡಿ ಬಂದದ್ದು ನನಗೆ ಕಾಣಲಿಲ್ಲ. ಕಂಡಾಗ ಅವಳು ನೆಲದ ಮೇಲೆ ಬಿದ್ದು ಜೀಮ್ಸ್‌ನ ಈಚೆ ಕಾಲನ್ನು ಎರಡೂ ತೋಳಿನಿಂದ ತಬ್ಬಿಕೊಂಡಿದ್ದಳು.

"ಬಿಡು!" ಎಂದ ಜೀಮ್ಸ್. "ಅಲ್ಲೇ ಇದ್ದಾನೆ, ಕೈಗೆ ಸಿಗ್ತಾನೆ! ಬಿಡೇ!"

"ಯಾರೂ ಇಳೀಬಾರದು."

"ನಿನ್ನ ಗಂಡ ಕಣೇ ಅವನು!"

"ಯಾರೂ ಇಳೀಬಾರದು! ಕ್ರಿಸ್ಸಿ, ಗಂಟೆ! ಗಂಟೆ ಹೊಡಿ!"

ಗಂಟೆಯ ಹಗ್ಗ ಬಾಗಿಲ ಬಳಿಯಿತ್ತು. ಓಡಿ ಹೋಗಿ ಜೋತುಬಿದ್ದು ಹೊಡೆದೆ. ಹೊಡೆಯುತ್ತ ತಿರುಗಿ ನೋಡಿದರೆ ಜೀಮ್ಸ್ ಆಚೆಯ ಕಾಲನ್ನು ಈಚೆಗೆ ತಂದು ಅಕ್ಕನ ಭುಜಕ್ಕೆ, ಹಣೆಗೆ ಒದೆಯುತ್ತಿದ್ದ. ಬಲೆ ಎಳೆದು ಗಟ್ಟಿಯಾದ ಗಂಡಸಿನ ಒದೆತ. ಅವಳ ತಲೆ ಹಲಗೆಗೆ ಬಡಿಯುತ್ತಿತ್ತು, ಅವಳು ಬಿಡುತ್ತಿರಲಿಲ್ಲ. ಹಿಂದಿನ ದಿನ ಕಾನೂನು ಎಂಥದ್ದೆಂದು ಬೈದವಳು ನಾನು. ಈಗ ನನ್ನ ಬಾಯಿಂದ ಬಂದದ್ದೇನು?

"ಹಿಡ್ಕೋ ಅಕ್ಕಾ! ಬಿಡಬೇಡ, ಬಿಡಬೇಡ!"

ಅವಳ ಗಂಡ ಕೆಳಗೆ ಬಿದ್ದಿದ್ದ. ನಾನು ನನ್ನ ಗಂಡನನ್ನು ಬಿಡಬೇಡವೆಂದು ಅವಳನ್ನೇ ಬೇಡುತ್ತಿದ್ದೆ. ಓಡಿ ಬಂದು ನಾನೂ ಅವನ ಸೊಂಟದ ಪಟ್ಟಿಗೆ ಜೋತುಬಿದ್ದೆ. ಅವನು ನಮ್ಮಿಬ್ಬರನ್ನೂ ಬಾಯಿಗೆ ಬಂದ ಹಾಗೆ ಬೈದ. ಕೊಲೆಗಡುಕಿಯರು ಎಂದ. ಆಮೇಲೆ ಬೈಗುಳ ಅಳುವಾಯಿತು.

"ಹಗ್ಗ," ಎಂದಳು ಅಕ್ಕ ನೆಲದಿಂದಲೇ. ಅವಳ ದನಿ ಎಷ್ಟು ಮೆಲ್ಲಗಿತ್ತೆಂದರೆ ನನಗೆ ಒದೆತಕ್ಕಿಂತ ಅದೇ ಹೆಚ್ಚು ಭಯವಾಯಿತು. "ನಿನ್ನ ಪಕ್ಕದಲ್ಲೇ ಹಗ್ಗ ಇದೆ ಜೀಮ್ಸ್. ಕುಣಿಕೆ ಹಾಕು. ಮೇಲಿಂದ ಎಸಿ. ತಲೆ ಒಳಗೆ ಹಾಕಬೇಡ."

ಅವನು ಡಬ್ಬಿ ಕಿತ್ತೆಸೆದು ಕುಣಿಕೆ ಹಾಕಿದ. ಗಂಟು ತಪ್ಪಲಿಲ್ಲ. ಮೊದಲ ಸಲ ಎಸೆದದ್ದು ಹೆಗಲಿಗೆ ತಾಗಿ ಜಾರಿತು. ಎರಡನೆಯದೂ ಜಾರಿತು. ಮೆಟ್ಟಿಲ ಮೇಲಿದ್ದ ಕೈ ಅಷ್ಟರಲ್ಲಿ ಕೆಳಗೆ ಬಿದ್ದುಹೋಯಿತು. ಹೆಕ್ಟರ್ ಮತ್ತು ಆಳುಗಳು ಓಡಿ ಬಂದರು. ಕೆಟ್ಟ ಗಾಳಿ ಹೊರಗೆ ಹೋಗಲೆಂದು ಇಬ್ಬರು ಕೆಳಗಿನ ಅಂತಸ್ತಿಗೆ ಹೋಗಿ ತೊಟ್ಟಿಯ ತಳದ ಸಣ್ಣ ಕಿಂಡಿ ಬಡಿದು ಬಿಚ್ಚಿದರು, ಅದನ್ನು ತಳ್ಳಲು ಒಬ್ಬ ಮೇಲಿನಿಂದ ನೀರು ಬಿಟ್ಟ. ಮತ್ತೆ ಎಸೆದಾಗ ಕುಣಿಕೆ ತೋಳಿನ ಕೆಳಗೆ ಹೊಕ್ಕು ಬಿಗಿಯಿತು. ಎಲ್ಲರೂ ಸೇರಿ ಎಳೆದರು. ನೀರು ಸುರಿಯುತ್ತ ವಾಟಿ ಮೇಲೆ ಬಂದ.

ಹೆಕ್ಟರ್ ಅವನನ್ನು ಬೋರಲು ಮಲಗಿಸಿ ಬೆನ್ನು ಒತ್ತಿದ. ಡಾಕ್ಟರ್ ಬರುವ ತನಕ ಒತ್ತುತ್ತಲೇ ಇದ್ದ. ಡಾಕ್ಟರ್ ಹೆಕ್ಟರನ ಭುಜ ಮುಟ್ಟಿ, ಸಾಕು ಎಂದರು.

ಅಕ್ಕನಿಗೆ ಜೀಮ್ಸ್‌ನ ಕಾಲು ಬಿಡಲು ಬರಲಿಲ್ಲ. ಬೆರಳುಗಳು ಸೆಟೆದು ಹೋಗಿದ್ದವು. ಹೆಕ್ಟರನ ಹೆಂಡತಿ ಬಂದು ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಬಿಡಿಸುತ್ತ ಆ ಮುದುಕಿ, "ಸರಿ ಮಾಡಿದ್ಯೇ ಮಗಳೇ, ಸರಿ ಮಾಡಿದ್ಯೇ," ಎನ್ನುತ್ತಿದ್ದಳು. ಅಕ್ಕ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳ ಹಣೆಯ ಮೇಲೆ ಜೀಮ್ಸ್‌ನ ಬೂಟಿನ ಗುರುತಿತ್ತು.

ಮಣ್ಣಿನ ದಿನ ಹೆಂಗಸರು ಮನೆಯಲ್ಲಿ ಕೂತೆವು, ಗಂಡಸರು ಪೆಟ್ಟಿಗೆ ಹೊತ್ತರು. ಗುಂಡಿಗೆ ಇಳಿಸುವ ಹಗ್ಗಗಳಲ್ಲಿ ಒಂದನ್ನು ಹತ್ತಿರದ ನೆಂಟನೆಂದು ಜೀಮ್ಸ್‌ನ ಕೈಗೆ ಕೊಟ್ಟರಂತೆ. ಮೇಲೆ ಎಳೆದ ಕೈಯಲ್ಲೇ ಕೆಳಗೆ ಇಳಿಸಿ ಬಂದ. ಬಂದವನು ಅಕ್ಕನ ಮುಖ ನೋಡಲಿಲ್ಲ. ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ.

ಕೋಣೆಯಲ್ಲಿ ಅವನು ಬಟ್ಟೆ ಬದಲಿಸುವಾಗ ಕಾಲಿನ ಮೇಲೆ ಅವಳ ಉಗುರಿನ ಗಾಯಗಳು ಕಂಡವು. ನೀಲಿಗಟ್ಟಿ ಊದಿಕೊಂಡಿದ್ದವು.

"ಮೊದಲೇ ಬಿಟ್ಟಿದ್ರೆ ಎತ್ಕೊಂಡು ಬರ್ತಿದ್ದೆ," ಎಂದ. "ಅವಳು ಅವನನ್ನ ಸಾಯೋಕೆ ಬಿಟ್ಲು."

"ನೀನೂ ಅಲ್ಲೇ ಬಿದ್ದಿರ್ತಿದ್ದೆ."

"ಯಾರಿಗೆ ಗೊತ್ತು?"

"ಈ ಊರಿನ ಪ್ರತಿ ಹೆಂಗಸಿಗೂ ಗೊತ್ತು!" ಎಂದೆ. ಅವನು ಗೋಡೆಯ ಕಡೆ ತಿರುಗಿ ಕೂತ. ನನಗೆ ಅವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಅವನು ಉಸಿರಾಡುವ ಸದ್ದನ್ನು ಕೇಳುತ್ತ ಕೂತೆ. ನನ್ನನ್ನು ಹೆದರಿಸಿದ್ದು ಅವನ ಸಿಟ್ಟಲ್ಲ. ಅಕ್ಕ ಹೊರಗೆ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಾಗ ನನ್ನೊಳಗಿದ್ದ ಸಮಾಧಾನ ನನ್ನನ್ನು ಹೆದರಿಸಿತು.

ಹೊರಡುವ ದಿನ ಅವಳು ಸ್ಟೇಷನ್ನಿಗೆ ಬಂದಳು. ಬರಬೇಡವೆಂದರೂ ಬಂದಳು. ಕಪ್ಪು ಬಟ್ಟೆ, ಹಣೆಯ ಮೇಲೆ ಹಳದಿಯಾಗುತ್ತಿದ್ದ ಗಾಯ. ರೈಲು ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಜೀಮ್ಸ್ ಬೋಗಿಯೊಳಗೆ ಕೂತು ಆಚೆ ಕಿಟಕಿಯತ್ತ ಮುಖ ಮಾಡಿದ್ದ. ಅವಳು ಈಚೆ ಕಿಟಕಿಯ ಬಳಿ ಬಂದು ನಿಂತು, ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಒಳಗೆ ಚಾಚಿದಳು.

"ಜೀಮ್ಸ್. ಇದು ಅವನ ಕೋಟಿನ ಜೇಬಲ್ಲಿತ್ತು."

ಅವನು ತಿರುಗಲಿಲ್ಲ. ನಾನು ಬಟ್ಟೆ ಬಿಚ್ಚಿದೆ. ಮೋಟು ಮೇಣದಬತ್ತಿ. ಹೊಸದಾಗಿ ಕತ್ತರಿಸಿದ ಬತ್ತಿಯ ತುದಿ ಇನ್ನೂ ಬೆಳ್ಳಗಿತ್ತು. ಹಚ್ಚಿರಲಿಲ್ಲ. ಆಗ ಜೀಮ್ಸ್ ತಿರುಗಿ ನೋಡಿದ. ನೋಡಿದವನ ಮುಖ ಹೇಗಾಯಿತೆಂದು ನಾನು ಹೇಳಲಾರೆ. ಆ ಜೇಬಿಗೆ ಹೋಗಿ ಬರಿದಾಗಿ ಬಂದ ಕೈಯನ್ನು ಅವನೂ ನೋಡಿದ್ದ.

"ದಿನಾ ಬೆಳಿಗ್ಗೆ ನಾನೇ ಕತ್ತರಿಸಿ ಜೇಬಲ್ಲಿ ಇಡ್ತಿದ್ದೆ," ಎಂದಳು ಅಕ್ಕ. "ಅವತ್ತೂ ಇಟ್ಟಿದ್ದೆ. ನಿಮ್ಮೆದುರಿಗೆ ತೆಗೆಯೋಕೆ ನಾಚ್ಕೊಂಡ. ಹಾಗಂತ ನಿನ್ನ ದೂರೋಕೆ ಬಂದಿಲ್ಲ. ಅವನು ನಿನ್ನ ಮೀನಿಗೆ ನಕ್ಕ, ನೀನು ಅವನ ಬತ್ತಿಗೆ ನಕ್ಕೆ. ಇಬ್ಬರೂ ನಕ್ಕಿರಿ."

"ಎಲ್‌ಸ್ಪೆಟ್," ಎಂದ ಜೀಮ್ಸ್. "ನೀನು ನನ್ನನ್ನ ಬಿಟ್ಟಿದ್ರೆ..."

"ಬಿಟ್ಟಿದ್ರೆ ಇವತ್ತು ಈ ರೈಲಲ್ಲಿ ನನ್ನ ತಂಗಿ ಒಬ್ಬಳೇ ಕೂತಿರ್ತಿದ್ಲು." ರೈಲು ಕೂಗಿತು. ಅವಳು ಕಿಟಕಿಯಿಂದ ಕೈ ತೆಗೆದಳು. "ನನ್ನ ಬೈಕೋ ಜೀಮ್ಸ್. ಇರೋ ತನಕ ಬೈಕೋ, ನಾನು ಬೇಡ ಅನ್ನಲ್ಲ. ಬೈಯೋಕಾದ್ರೂ ನೀನಿದ್ದೀಯಲ್ಲ."

ರೈಲು ಹೊರಟಿತು. ಅವಳು ಕೈ ಬೀಸಲಿಲ್ಲ, ಬೆರಳುಗಳನ್ನು ಒಂದರೊಳಗೊಂದು ಹೆಣೆದು ಬಿಗಿ ಹಿಡಿದು ನಿಂತಿದ್ದಳು. ಸೇತುವೆಯ ಮೇಲೆ ಹೋಗುವಾಗ ಕೆಳಗೆ ಹೊಳೆಯಲ್ಲಿ ಆ ಕೆಂಪು ಮೀನು ನೀರಿನಿಂದ ಮೇಲಕ್ಕೆ ಹಾರಿತು. ಎದುರಿಗೆ ಕೂತ ಮುದುಕ, "ಅಗೋ!" ಎಂದು ಅದರ ಹೆಸರನ್ನು ಜೋರಾಗಿ ಹೇಳಿದ. ಕಿಟಕಿಯ ಕಬ್ಬಿಣದ ಸರಳು ಜೀಮ್ಸ್‌ನ ಮೊಣಕೈ ಪಕ್ಕದಲ್ಲೇ ಇತ್ತು. ನಾನು ಥಟ್ಟನೆ ಅದನ್ನು ಮುಟ್ಟಿದೆ. ಅವನು ಮುಟ್ಟಲಿಲ್ಲ. ಅವನ ಎರಡು ಕೈಯೂ ಆ ಮೋಟು ಬತ್ತಿಯ ಮೇಲೆ ಮುಚ್ಚಿಕೊಂಡಿದ್ದವು.